ನಾಳೆ ನಮ್ಮ ಪಾಪುಗೆ ಪಿಡಿಎ ಆಪರೇಷನ್. ಅಲ್ಲಿವರೆಗೆ ನಾವೇನು ಮಾಡಬಹುದು?

ಪ್ರಶ್ನೆ: ಪುಟ್ಟನ ಅಮ್ಮ

ನಮ್ಮ ಮಗ 26 ವಾರಕ್ಕೇ ಹುಟ್ಟಿದ. ಹುಟ್ಟಿದಾಗ 860 ಗ್ರಾಂ ಇದ್ದ, ಈಗ ಒಂದು ಕೆ.ಜಿ. ಹತ್ತಿರ ಬಂದಿದ್ದಾನೆ. ಆದರೆ ವೆಂಟಿಲೇಟರ್ ಬಿಡಿಸೋಕೆ ಆಗುತ್ತಿಲ್ಲ. ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಪಿಡಿಎ, ಅಂದರೆ ಹೃದಯದ ಹತ್ತಿರ ಮುಚ್ಚಿಕೊಳ್ಳಬೇಕಿದ್ದ ಒಂದು ರಕ್ತನಾಳ, ದೊಡ್ಡದಾಗಿ ತೆರೆದೇ ಇದೆ ಅಂದರು. ಅದು ಮುಚ್ಚಲಿ ಅಂತ ಮೊದಲು ಐಬುಪ್ರೊಫೆನ್ ಕೊಟ್ಟರು, ಆಮೇಲೆ ಪ್ಯಾರಾಸಿಟಮಾಲ್. ಎರಡಕ್ಕೂ ಮುಚ್ಚಲಿಲ್ಲ. ನಾಳೆ ಬೆಳಿಗ್ಗೆ ಎಡಗಡೆ ಪಕ್ಕೆಲುಬುಗಳ ನಡುವೆ ಕೊಯ್ದು ಕ್ಲಿಪ್ ಹಾಕುತ್ತಾರಂತೆ. ಥಿಯೇಟರಿಗೆ ಒಯ್ಯುವುದಿಲ್ಲ, ಎನ್‌ಐಸಿಯುನಲ್ಲೇ (ಹಸುಗೂಸುಗಳ ಐಸಿಯು) ಮಾಡುತ್ತಾರೆ.

ಕನ್ಸೆಂಟ್ ಫಾರಂಗೆ ಸಹಿ ಹಾಕಿ ಬಂದೆವು. ಡಾಕ್ಟರ್ ಎಲ್ಲ ಹೇಳಿದರು, ನನ್ನ ತಲೆಗೆ ಅರ್ಧವೂ ಹೋಗಲಿಲ್ಲ. ಅವನಿಗೆ ನೋವಾಗುತ್ತಾ ಅನ್ನೋದೊಂದೇ ತಲೆಯಲ್ಲಿ ಸುತ್ತುತ್ತಿದೆ.

ಇನ್ನೊಂದು ವಿಷಯ. ನನಗೆ ಅವನನ್ನು ಮುಟ್ಟೋಕೇ ಭಯ. ಆಕ್ಸಿಜನ್ ಅಳೆಯೋಕೆ ಪಾದಕ್ಕೆ ಸುತ್ತಿದ ಪಟ್ಟಿಯ ಕೆಂಪು ಬೆಳಕು ಪಾದದ ಆ ಕಡೆಯಿಂದ ಕಾಣುತ್ತದೆ, ಅಷ್ಟು ತೆಳು ಅವನು. ಮೊನ್ನೆ ಬೆರಳಲ್ಲಿ ಕೈ ಸವರಿದೆ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್) ಇಳಿದು ಅಲಾರಂ ಹೊಡೆದುಕೊಂಡಿತು. ಆಮೇಲಿಂದ ಸುಮ್ನೆ ಪಕ್ಕದಲ್ಲಿ ನಿಂತು ಬರುತ್ತೇನೆ. ಆಪರೇಷನ್‌ಗೆ ಮುಂಚೆ ಒಂದು ಸಲ ಮುಟ್ಟಬೇಕು ಅಂತ ತುಂಬಾ ಆಸೆ ಇದೆ. ಮುಟ್ಟಬಹುದಾ? ಸರ್ಜನ್ ಸಂಜೆ ಸಿಗುತ್ತಾರೆ, ಅವರ ಹತ್ತಿರ ಏನು ಕೇಳಬೇಕು?

ಉತ್ತರ: ಎನ್‌ಐಸಿಯು ಸಿಸ್ಟರ್

ಅಮ್ಮಾ, ಮುಟ್ಟಿ. ಆದರೆ ಸವರಬೇಡಿ, ತಟ್ಟಬೇಡಿ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಚರ್ಮದ ಮೇಲೆ ಬೆರಳು ಆಡಿಸಿದರೆ ಹಿತವಾಗುವುದಿಲ್ಲ, ಕಿರಿಕಿರಿಯಾಗುತ್ತದೆ. ಕೈ ತೊಳೆದು, ಬೆಚ್ಚಗೆ ಮಾಡಿಕೊಳ್ಳಿ. ಒಂದು ಅಂಗೈ ತಲೆಯ ಮೇಲೆ ಟೋಪಿಯ ಹಾಗೆ ಇಡಿ. ಇನ್ನೊಂದು ಅಂಗೈಯಲ್ಲಿ ಮಡಚಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ಹಿಡಿಯಿರಿ. ಒತ್ತಬೇಡಿ, ಅಲುಗಾಡಿಸಬೇಡಿ. ಮೊದಲು ಸ್ವಲ್ಪ ಕೊಸರಾಡಬಹುದು. ಆಮೇಲೆ ಮುಷ್ಟಿ ಸಡಿಲವಾಗುತ್ತದೆ, ಹಣೆಯ ಗಂಟು ಬಿಡುತ್ತದೆ. ಕೈ ತೆಗೆಯುವಾಗ ಒಂದೊಂದಾಗಿ, ನಿಧಾನವಾಗಿ ತೆಗೆಯಿರಿ. ಶುರು ಮಾಡುವ ಮುಂಚೆ ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಹೇಳಿ. ಪೈಪುಗಳು ಎಳೆಯದ ಹಾಗೆ ಅವರೇ ನಿಮ್ಮ ಕೈ ಇಡಿಸುತ್ತಾರೆ. ಆ ಹೊತ್ತಿಗೆ ಪಾಪು ದಣಿದಿದ್ದರೆ ಸ್ವಲ್ಪ ಕಾಯಿರಿ ಅನ್ನಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಅಲಾರಂ ಆದಾಗಲೆಲ್ಲ ಪಾಪುಗೆ ತೊಂದರೆ ಅಂತ ಅಲ್ಲ. ಕಾಲು ಒದ್ದರೆ ಆ ಪಟ್ಟಿ ಅಲುಗಾಡಿ ನಂಬರ್ ಕೆಳಗೆ ಬೀಳುತ್ತದೆ. ನಂಬರ್ ಜೊತೆ ಓಡುವ ಗೆರೆ ಚಿಂದಿಯಾಗಿದ್ದರೆ ನಾವು ಮೊದಲು ಪಟ್ಟಿಯನ್ನೇ ನೋಡುತ್ತೇವೆ. ಮಾನಿಟರ್ ನೋಡುವ ಕೆಲಸ ನಮಗೆ ಬಿಡಿ, ನೀವು ಮುಖ ನೋಡಿ.

ನೋವಿನ ಬಗ್ಗೆ ಹೇಳಲೇಬೇಕು. ಹಿಂದೆ ಇಂಥ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ ಅಂದುಕೊಂಡು ತೀರಾ ಕಡಿಮೆ ಅನಸ್ತೇಷಿಯಾದಲ್ಲೇ ಆಪರೇಷನ್ ಮಾಡುತ್ತಿದ್ದರು. ಅದು ತಪ್ಪು ಅಂತ ತೋರಿಸಿದ್ದು 1987ರ ಒಂದು ಅಧ್ಯಯನ. ಅದನ್ನು ಮಾಡಿದ್ದು ಇದೇ ಪಿಡಿಎ ಆಪರೇಷನ್ ಆಗುತ್ತಿದ್ದ ಪುಟ್ಟ ಮಕ್ಕಳ ಮೇಲೆ. ಫೆಂಟನಿಲ್ ಅನ್ನುವ ಬಲವಾದ ನೋವಿನ ಔಷಧಿ ಕೊಟ್ಟ ಮಕ್ಕಳ ಮೈ ಆಪರೇಷನ್‌ನ ಹೊಡೆತವನ್ನು ಚೆನ್ನಾಗಿ ತಡೆದುಕೊಂಡಿತು, ಆಮೇಲಿನ ತೊಂದರೆಗಳೂ ಕಡಿಮೆಯಾದವು. ಈಗ ಅನಸ್ತೇಷಿಯಾ, ನೋವಿನ ಔಷಧಿ ಇಲ್ಲದೆ ಇದನ್ನು ಮಾಡುವುದೇ ಇಲ್ಲ. ಮುಗಿದ ಮೇಲೂ ಮುಖ, ಕೈಕಾಲು, ಎದೆಬಡಿತ ನೋಡಿ ನೋವಿಗೆ ಅಂಕ ಹಾಕುತ್ತೇವೆ. ಅಂಕ ಏರಿದರೆ ಔಷಧಿ ಹೆಚ್ಚಿಸುತ್ತಾರೆ.

ಉತ್ತರ: ಅವಳಿ ಮಕ್ಕಳ ಅಪ್ಪ

ನನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳಿಗೆ ಇದೇ ಆಪರೇಷನ್ ಆಗಿತ್ತು. ಈಗ ಶಾಲೆಗೆ ಹೋಗುತ್ತಾಳೆ.

ತಲೆಗೆ ಹೋಗಲಿಲ್ಲ ಅಂದಿರಲ್ಲ, ನನಗೂ ಹಾಗೇ ಆಗಿತ್ತು. ಒಬ್ಬ ಡಾಕ್ಟರ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ಮೇಲೆ ಅರ್ಥವಾಯಿತು. ಹೊಟ್ಟೆಯಲ್ಲಿದ್ದಾಗ ಮಗು ಉಸಿರಾಡಲ್ಲ, ಶ್ವಾಸಕೋಶಕ್ಕೆ ಜಾಸ್ತಿ ರಕ್ತ ಬೇಕಿಲ್ಲ. ಅದಕ್ಕೇ ಶ್ವಾಸಕೋಶದ ರಕ್ತನಾಳದಿಂದ ಮೈಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಒಂದು ಅಡ್ಡದಾರಿ ಇರುತ್ತದೆ. ತಿಂಗಳು ತುಂಬಿ ಹುಟ್ಟಿದವರಲ್ಲಿ ಅದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಬೇಗ ಹುಟ್ಟಿದವರಲ್ಲಿ ಎಷ್ಟೋ ಸಲ ಮುಚ್ಚಲ್ಲ, ಅದೇ ಪಿಡಿಎ. ಆಗ ರಕ್ತ ತಿರುಗಿ ಶ್ವಾಸಕೋಶಕ್ಕೇ ನುಗ್ಗುತ್ತದೆ. ಅಲ್ಲಿ ನೀರು ತುಂಬಿದ ಹಾಗಾಗುತ್ತದೆ, ಇತ್ತ ಕರುಳಿಗೆ, ಕಿಡ್ನಿಗೆ ರಕ್ತ ಕಡಿಮೆ. ವೆಂಟಿಲೇಟರ್ ಬಿಡಿಸೋಕೆ ಆಗದಿರೋದಕ್ಕೆ ಇದೂ ಒಂದು ಕಾರಣ.

ಸರ್ಜನ್ ಹತ್ತಿರ "ಎಷ್ಟು ಪರ್ಸೆಂಟ್ ಚಾನ್ಸ್" ಅಂತ ಕೇಳಬೇಡಿ ಅಂತ ನಾನು ಹೇಳುತ್ತೇನೆ. ಅವರು ಒಂದು ಸಂಖ್ಯೆ ಹೇಳುತ್ತಾರೆ, ನೀವು ರಾತ್ರಿಯೆಲ್ಲ ಅದನ್ನೇ ಜಪಿಸುತ್ತೀರಿ. "ಮುಗಿದ ಮೇಲೆ ಮೊದಲ ರಾತ್ರಿ ನೀವು ಯಾವುದನ್ನು ಜಾಸ್ತಿ ಗಮನಿಸುತ್ತೀರಿ?" ಅಂತ ಕೇಳಿ. ನಮಗೆ ಬಂದ ಉತ್ತರ ಬಿಪಿ. ಅಡ್ಡದಾರಿ ಒಮ್ಮೆಲೇ ಮುಚ್ಚಿದಾಗ ಹೃದಯಕ್ಕೆ ಹೊಸ ಭಾರ ಬೀಳುತ್ತದೆ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಕೆಲವು ಮಕ್ಕಳಿಗೆ ಬಿಪಿ ಇಳಿಯುತ್ತದೆ, ಔಷಧಿ ಹಾಕುತ್ತಾರೆ. ನನ್ನ ಮಗಳಿಗೂ ಇಳಿಯಿತು. ಮೊದಲೇ ಕೇಳಿ ಇಟ್ಟುಕೊಂಡಿದ್ದರಿಂದ ಔಷಧಿಯ ಹೊಸ ಪಂಪ್ ತಂದು ಜೋಡಿಸಿದಾಗ ನಾವು ಕುಸಿಯಲಿಲ್ಲ.

ದನಿಯ ಬಗ್ಗೆಯೂ ಕೇಳಿ. ಗಂಟಲಿನ ಒಂದು ನರ ಆ ಜಾಗದಲ್ಲೇ ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಟ್ಯೂಬ್ ತೆಗೆದ ಮೇಲೆ ಅಳು ಒಡಕಾಗಿ ಕೇಳುತ್ತದೆ, ಹಾಲು ಕುಡಿಯುವಾಗ ನೆತ್ತಿಗೆ ಹತ್ತುತ್ತದೆ. ಅಂಥದ್ದು ಕಂಡರೆ ಇಎನ್‌ಟಿ ಡಾಕ್ಟರ್ ನೋಡಬೇಕು.

ಕೊಯ್ಯದೆ, ತೊಡೆಯ ರಕ್ತನಾಳದಿಂದ ಸಣ್ಣ ಸಾಧನ ಕಳಿಸಿ ಮುಚ್ಚುವ ವಿಧಾನವೂ ಇದೆ. 700 ಗ್ರಾಂನಿಂದ ಮೇಲಿನ ಮಕ್ಕಳಿಗೆ ಅಂಥದ್ದೊಂದು ಸಾಧನಕ್ಕೆ ಅಮೆರಿಕದಲ್ಲಿ 2019ರಲ್ಲೇ ಒಪ್ಪಿಗೆ ಸಿಕ್ಕಿದೆ. ನಿಮ್ಮವನಿಗೆ ಕ್ಲಿಪ್ಪೇ ಯಾಕೆ ಅಂತ ಕೇಳಿ. ಕಾರಣ ಇರುತ್ತದೆ, ಅದು ಗೊತ್ತಿದ್ದರೆ ಮನಸ್ಸು ಗಟ್ಟಿಯಾಗುತ್ತದೆ.

ಮುಗಿದ ತಕ್ಷಣ ವೆಂಟಿಲೇಟರ್ ತೆಗೆಯುತ್ತಾರೆ ಅಂತ ಮಾತ್ರ ಕಾಯಬೇಡಿ. ನಮ್ಮವಳಿಗೆ ತುಂಬಾ ದಿನ ಹಿಡಿಯಿತು.

ಪುಟ್ಟನ ಅಮ್ಮ

ಅಣ್ಣಾ, ಸಿಸ್ಟರ್, ಎಲ್ಲ ಬರೆದುಕೊಂಡೆ. ಒಂದು ಕೇಳಬೇಕು. ಇವತ್ತು ರಾತ್ರಿಯಿಂದ ಅವನಿಗೆ ಹಾಲು ನಿಲ್ಲಿಸುತ್ತಾರಂತೆ. ಈ ಚಿಂತೆಗೋ ಏನೋ ನನಗೂ ಹಾಲು ಕಡಿಮೆ ಬರುತ್ತಿದೆ. ಒಂದೆರಡು ದಿನ ಪಂಪ್ ಮಾಡದೆ ಇದ್ದರೆ ನಡೆಯುತ್ತಾ?

ಎನ್‌ಐಸಿಯು ಸಿಸ್ಟರ್

ಬೇಡ ಅಮ್ಮಾ, ನಿಲ್ಲಿಸಬೇಡಿ. ತೆಗೆಯದಿದ್ದರೆ ಬರುವುದು ಇನ್ನೂ ಕಡಿಮೆಯಾಗುತ್ತದೆ. ರಾತ್ರಿಯದ್ದೂ ಸೇರಿ ದಿನಕ್ಕೆ ಎಂಟು ಸಲ ಆದರೆ ಒಳ್ಳೆಯದು. ಚಿಂತೆಯಲ್ಲಿದ್ದಾಗ ಹಾಲು ಇಳಿದು ಬರುವುದು ನಿಧಾನ, ಬಾಟಲಿಯ ಗೆರೆ ನೋಡುತ್ತಾ ಕೂರಬೇಡಿ. ಹನಿ ಹನಿ ಬಂದರೂ ದಿನಾಂಕ, ಸಮಯ ಬರೆದು ಕೊಡಿ. ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ, ಹಾಲು ಮತ್ತೆ ಶುರು ಮಾಡುವಾಗ ಅದೇ ಬೇಕು. ಹೊಟ್ಟೆಗೆ ಕೊಡದಿದ್ದರೂ ಹತ್ತಿಯ ಕಡ್ಡಿಯಲ್ಲಿ ನಿಮ್ಮ ಹಾಲನ್ನು ಅವನ ಬಾಯಿಯ ಒಳಗೆ ಸವರುವ ಪದ್ಧತಿ ಬಹಳ ಕಡೆ ಇದೆ. ನಾನೇ ಮಾಡಬಹುದಾ ಅಂತ ಕೇಳಿ ನೋಡಿ.

ಪುಟ್ಟನ ಅಮ್ಮ

ಈಗ ತಾನೇ ಹೊರಗೆ ಬಂದೆ. ಸಿಸ್ಟರ್ ಕೈ ಇಡಿಸಿದರು, ಬಾಯಿಗೆ ಹಾಲು ಸವರಲೂ ಬಿಟ್ಟರು. ತುಟಿ ಚಪ್ಪರಿಸಿದ! ಇವರೂ ಒಂದು ಕೈ ಹಿಡಿದರು. ಸರ್ಜನ್ ಆರು ಗಂಟೆಗೆ ಬರುತ್ತಾರೆ. ಬಿಪಿ, ದನಿ, ಕ್ಲಿಪ್ಪೇ ಯಾಕೆ, ಮೂರನ್ನೂ ಇವರೇ ಕೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಾಳೆ ಮುಗಿದ ಮೇಲೆ ಇಲ್ಲೇ ತಿಳಿಸುತ್ತೇನೆ.