ಸಹಾಯ ಬೇಕು: ಪಿ5.ಜೆಎಸ್‌ನಲ್ಲಿ ಚಿತ್ರವೆಲ್ಲ ಎಡಗಡೆಯೇ ಕುಣಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆ ವಿದ್ಯಾರ್ಥಿ. ಕೋಡಿಂಗ್ ಹಿನ್ನೆಲೆ ಇಲ್ಲ, ಗಣಿತವೂ ಶಾಲೆಯಲ್ಲಿ ಕಲಿತಷ್ಟೇ. ಕೋಡ್ ಬರೆದು ಚಿತ್ರ ಬಿಡಿಸುವ ಪಿ5.ಜೆಎಸ್ ಎಂಬ ಲೈಬ್ರರಿಯಲ್ಲಿ, ಹಾಡಿನ ಸ್ವರಕ್ಕೆ ತಕ್ಕಂತೆ ಗೆರೆಗಳು ಏರಿಳಿಯುವ ಒಂದು ಚಿತ್ರ ಮಾಡುತ್ತಿದ್ದೇನೆ. ಈ ಕೆಲಸ ನನಗೆ ತುಂಬಾ ಇಷ್ಟ, ಅರ್ಧಕ್ಕೆ ಬಿಡಲು ಮನಸ್ಸಿಲ್ಲ.

ಅದರ ಧ್ವನಿ ವಿಭಾಗವಾದ ಪಿ5.ಸೌಂಡ್‌ನ ಎಫ್‌ಎಫ್‌ಟಿ (ಧ್ವನಿಯನ್ನು ತಗ್ಗಿನಿಂದ ಎತ್ತರದವರೆಗಿನ ಕಂಪನಗಳಾಗಿ ಬಿಡಿಸಿ, ಪ್ರತಿಯೊಂದೂ ಎಷ್ಟು ಜೋರಾಗಿದೆ ಎಂದು ಅಳೆಯುವ ಲೆಕ್ಕ) ಬಳಸಿದ್ದೇನೆ. ಅದು 0ಯಿಂದ 255ರವರೆಗಿನ 1024 ಸಂಖ್ಯೆ ಕೊಡುತ್ತದೆ. ಒಂದೊಂದಕ್ಕೂ ಒಂದು ಗೆರೆ ಎಳೆದೆ. ಆದರೆ ಕುಣಿತವೆಲ್ಲ ಎಡ ಅಂಚಿನಲ್ಲೇ. ಬಲಗಡೆ ಹೆಚ್ಚುಕಡಿಮೆ ಖಾಲಿ.

ಓದಿದ ಮೇಲೆ ಕಾರಣ ಗೊತ್ತಾಯಿತು. 44,100 ಹರ್ಟ್ಸ್ ಆಡಿಯೋದಲ್ಲಿ (ಅಂದರೆ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದದ್ದು) ಪ್ರತಿ ಸಂಖ್ಯೆಯೂ ಸುಮಾರು 21.5 ಹರ್ಟ್ಸ್ ಅಗಲದ ಪಟ್ಟಿ. ನಮ್ಮ ಕಿವಿಗೆ ಮಾತ್ರ 100ರಿಂದ 200, 200ರಿಂದ 400 ಒಂದೇ ಅಂತರ ಅನಿಸುತ್ತದೆ, ಅಲ್ವಾ? ಹಾಗಾಗಿ ಹಾಡಿನ ಮುಖ್ಯ ಸ್ವರಗಳೆಲ್ಲ ಮೊದಲ ಕೆಲವೇ ಗೆರೆಗಳಲ್ಲಿ ತುಂಬಿಕೊಂಡಿವೆ.

ಒಂದು ಇಡೀ ವ್ಯಾಪ್ತಿಯ ಜೋರನ್ನು ಒಂದೇ ಸಂಖ್ಯೆಯಲ್ಲಿ ಕೊಡುವ ಗೆಟ್‌ಎನರ್ಜಿಯಲ್ಲಿ ಬಾಸ್ (ತಗ್ಗು), ಮಿಡ್ (ನಡು), ಟ್ರೆಬಲ್ (ಎತ್ತರ) ಹಾಕಿ ನೋಡಿದೆ. ತೀರಾ ಒರಟು, ಸ್ವರದ ಬಳುಕು ಕಾಣುವುದಿಲ್ಲ. ಸಂಖ್ಯೆಗಳ ಏರಿಳಿತವನ್ನು ನಯಗೊಳಿಸುವ ಸ್ಮೂದಿಂಗ್ ಅನ್ನು 0.8ರಿಂದ ಇಳಿಸಿದರೆ ಸುಮ್ನೆ ಮಿನುಗುತ್ತದೆ, ಜಾಗ ಬದಲಾಗುವುದಿಲ್ಲ. ಆಮೇಲೆ ಆಕ್ಟೇವ್ (ಹರ್ಟ್ಸ್ ದುಪ್ಪಟ್ಟಾಗುವ ಅಂತರ) ಪ್ರಕಾರ ಗುಂಪು ಮಾಡಿದೆ. ಚಿತ್ರ ಹರಡಿತು, ಆದರೆ ಬಲಗಡೆಯ ಗುಂಪಿನಲ್ಲಿ ನೂರಾರು ಸಂಖ್ಯೆಗಳ ಸರಾಸರಿ ಬಂದು ಗೆರೆ ಚಪ್ಪಟೆಯಾಯಿತು. ಎಡಗಡೆ ಒಂದೇ ಪಟ್ಟಿಯೊಳಗೆ ಹಲವು ಸ್ವರ ಸೇರಿಕೊಂಡವು.

ನನ್ನ ಪ್ರಶ್ನೆ ಇಷ್ಟೇ: ಪ್ರತಿ ಗುಂಪಿಗೆ ಸರಾಸರಿ ಬಿಟ್ಟು ಅತಿ ದೊಡ್ಡ ಸಂಖ್ಯೆ ತೆಗೆದುಕೊಳ್ಳಬೇಕಾ? ಎಡಗಡೆಯ ಸ್ವರಗಳನ್ನು ಬಿಡಿಸಿ ತೋರಿಸಲು ಎಫ್‌ಎಫ್‌ಟಿ ಬಿಟ್ಟು ಬೇರೆ ದಾರಿ ಇದೆಯಾ? ಮಾಡಿ ನೋಡಿದವರು ನಾಲ್ಕು ಸಾಲು ಕೋಡ್ ಜೊತೆ ಹೇಳಿದರೆ ದೊಡ್ಡ ಉಪಕಾರ.