ಮೈ ಸೇರುವ ವಿಷಕ್ಕೆ ಒಂದು ಪದ ಬೇಕು: ‘ನಂಜು’ ಸರಿ ಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕೆನಡಾದ ನುನಾವಿಕ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಕಂಟ್ಯಾಮಿನೆಂಟ್’ (ಹೊರಗಿನಿಂದ ಬಂದು ಸೇರುವ ಕೆಡುಕಿನ ವಸ್ತು) ಅನ್ನುವ ಪದ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತಿದೆ. ಸ್ವಲ್ಪ ಸಹಾಯ ಮಾಡಿ.

ಸಂದರ್ಭ ತಿಳಿಯದೆ ಪದ ತೂಗುವುದು ಕಷ್ಟ, ಅದಕ್ಕೆ ಮೊದಲು ಅದನ್ನೇ ಹೇಳುತ್ತೇನೆ. ನುನಾವಿಕ್ ಅಂದರೆ ಕ್ವಿಬೆಕ್ ಪ್ರಾಂತ್ಯದ ಉತ್ತರದ ತುದಿ. ಸಮುದ್ರದ ದಂಡೆಯಲ್ಲಿ ಇನುಯಿಟ್ ಜನರ 14 ಹಳ್ಳಿಗಳಿವೆ. 1980ರ ದಶಕದಲ್ಲಿ ಎರಿಕ್ ದೆವಾಯಿ ಅನ್ನುವ ವೈದ್ಯರು ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಷ್ಟಿದೆ ಎಂದು ನೋಡುತ್ತಿದ್ದರು. ಪಿಸಿಬಿ ಅಂದರೆ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಇರುತ್ತಿದ್ದ ರಾಸಾಯನಿಕ. ಹೋಲಿಸಿ ನೋಡಲು ಶುದ್ಧವಾದ ಹಾಲು ಬೇಕಲ್ಲ, ಉತ್ತರದವರದ್ದು ಶುದ್ಧವಾಗಿರುತ್ತದೆ ಎಂದುಕೊಂಡರು. ನೋಡಿದರೆ ದಕ್ಷಿಣ ಕ್ವಿಬೆಕ್‌ನ ತಾಯಂದಿರಿಗಿಂತ ಸುಮಾರು ಐದು ಪಟ್ಟು ಜಾಸ್ತಿ! ಆ ಪಿಸಿಬಿಯಲ್ಲಿ ಹೆಚ್ಚಿನದು ದಕ್ಷಿಣದ ಕೈಗಾರಿಕಾ ದೇಶಗಳಲ್ಲಿ ಆವಿಯಾಗಿ, ಗಾಳಿ ಹಿಡಿದು ಹೋಗಿ, ಚಳಿಗೆ ಅಲ್ಲಿ ಇಳಿದದ್ದು. ನೀರಿನಿಂದ ಮೀನಿಗೆ, ಮೀನಿನಿಂದ ಸೀಲ್ ಮತ್ತು ಬೆಲುಗಾ ತಿಮಿಂಗಿಲದ ಕೊಬ್ಬಿಗೆ, ಅಲ್ಲಿಂದ ತಿನ್ನುವವರ ಮೈಗೆ. ಒಂದೊಂದು ಮೆಟ್ಟಿಲಿಗೂ ಪ್ರಮಾಣ ಏರುತ್ತಾ ಹೋಗುತ್ತದೆ.

ಈಗ ಪದಕ್ಕೆ ಬರೋಣ.

‘ಮಾಲಿನ್ಯಕಾರಕ’ ಸರ್ಕಾರಿ ಕಾಗದಕ್ಕೆ ಸರಿ. ಆದರೆ ಅದನ್ನು ಓದಿದರೆ ಚಿಮಣಿ, ಚರಂಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಕಣ್ಣಿಗೆ ಬರುತ್ತದೆ. ತಾಯಿಯ ಹಾಲಿನ ಪಕ್ಕ ಅದನ್ನು ಇಡಲು ನನಗೆ ಮನಸ್ಸಿಲ್ಲ. ‘ಕಲಬೆರಕೆ’ ಅಂದರೆ ಯಾರೋ ಅಂಗಡಿಯವನು ಬೇಕೆಂದೇ ಬೆರೆಸಿದ ಹಾಗಾಯಿತು. ‘ಮೈಲಿಗೆ’ಯ ಮಾತೇ ಬೇಡ.

ಉಳಿಯುವುದು ‘ನಂಜು’. ಒಳ್ಳೆಯ ಪದ, ಎಲ್ಲರಿಗೂ ಗೊತ್ತು. ಹಾವಿನದ್ದೂ ನಂಜು, ಗಾಯ ಕೀವಾದರೂ ನಂಜು. ನಂಜುಂಡ ಅಂದ ತಕ್ಷಣ ನಂಜನಗೂಡು ನೆನಪಾಗುತ್ತದೆ. (ಅವನು ತಿಳಿದೇ ಕುಡಿದ, ಗಂಟಲಲ್ಲೇ ತಡೆದ. ನುನಾವಿಕ್‌ನವರಿಗೆ ಆ ಅನುಕೂಲ ಇರಲಿಲ್ಲ ಬಿಡಿ.) ತೊಡಕು ಬೇರೆ ಕಡೆ ಇದೆ. ‘ಗಾಯ ಆಗಿದೆ, ಬದನೆಕಾಯಿ ತಿನ್ನಬೇಡ, ನಂಜು’ ಅನ್ನುತ್ತಾರಲ್ಲ, ಆ ನಂಜು ಪದಾರ್ಥದ ಗುಣ. ಬದನೆಕಾಯಿಗೆ ಹೊರಗಿನಿಂದ ಏನೂ ಬಂದು ಸೇರಿಲ್ಲ. ಹಾಗಾಗಿ ‘ಬೆಲುಗಾ ಮಾಂಸದಲ್ಲಿ ನಂಜಿದೆ’ ಎಂದು ಬರೆದರೆ ಓದುವವರು ‘ಓಹ್, ಅದು ನಂಜಿನ ಮಾಂಸ, ಇವರ್ಯಾಕೆ ತಿನ್ನುತ್ತಾರೋ’ ಅಂದುಕೊಳ್ಳುತ್ತಾರೆ. ಆಗ ತಪ್ಪು ತಿನ್ನುವವರ ಮೇಲೆ ಬಂತು.

ಇದು ಸುಮ್ನೆ ಕೂದಲು ಸೀಳುವ ಮಾತಲ್ಲ. 2011ರಲ್ಲಿ ನುನಾವಿಕ್‌ನ ಆರೋಗ್ಯ ಇಲಾಖೆ ಇದೇ ಇಕ್ಕಟ್ಟಿನಲ್ಲಿತ್ತು. ಬೆಲುಗಾ ಮಾಂಸದಲ್ಲಿ ಪಾದರಸ ಜಾಸ್ತಿ, ಹೆರುವ ವಯಸ್ಸಿನ ಹೆಂಗಸರು ಅದನ್ನು ಕಡಿಮೆ ಮಾಡಿ ಎಂದು ಹೇಳಬೇಕಿತ್ತು. ಹಾಗಂತ ಬೇಟೆಯ ಊಟವೇ ಕೆಟ್ಟದ್ದು ಅನ್ನಿಸಿಬಿಟ್ಟರೆ ಜನ ಅಂಗಡಿಯ ದುಬಾರಿ ಪೊಟ್ಟಣಗಳಿಗೆ, ಸಕ್ಕರೆ ನೀರಿಗೆ ಬೀಳುತ್ತಾರೆ. ಮೀನು, ಸೀಲ್ ಮಾಂಸದಲ್ಲಿರುವ ಸತ್ವ ಆ ಪೊಟ್ಟಣಗಳಲ್ಲಿ ಎಲ್ಲಿಂದ ಬರಬೇಕು? ಪಾದರಸ ಮಾಂಸಕ್ಕೆ ಅಂಟುತ್ತದೆ, ಪಿಸಿಬಿ ಕೊಬ್ಬಿಗೆ. ಒಣಗಿಸಿದ ಮಾಂಸದಲ್ಲಿ ನೀರು ಹೋಗಿ ಪಾದರಸ ಇನ್ನೂ ಗಟ್ಟಿಯಾಗುತ್ತದೆ. ಇದಕ್ಕೆಲ್ಲ ಒಂದೇ ‘ನಂಜು’ ಹಾಕಿದರೆ ಯಾವುದನ್ನು ಬಿಡಬೇಕು, ಯಾವುದನ್ನು ತಿನ್ನಬಹುದು ಅನ್ನುವುದೇ ಕಾಣುವುದಿಲ್ಲ.

‘ಸೇರುನಂಜು’ ಎಂದು ಒಂದು ಕಟ್ಟಿ ನೋಡಿದೆ. ಸೇರು, ಪಾವು, ಅಚ್ಛೇರು ನೆನಪಾಗಿ ಕೈಬಿಟ್ಟೆ. ‘ಉಳಿಕೆ’ ಸ್ವಲ್ಪ ಹತ್ತಿರ ಬರುತ್ತದೆ. ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಎಂದು ಕೃಷಿಯವರು ಈಗಾಗಲೇ ಬರೆಯುತ್ತಾರೆ. ‘ಮೈಯಲ್ಲಿ ಉಳಿದ ಪಾದರಸ’ ಅಂದರೆ ಯಾರಿಗೂ ಅರ್ಥವಾಗುತ್ತದೆ, ತಪ್ಪು ಯಾರ ಮೇಲೂ ಬೀಳುವುದಿಲ್ಲ. ಆದರೆ ದೂರದಿಂದ ಬಂತು ಅನ್ನುವುದು ಅದರಲ್ಲಿ ಇಲ್ಲ.

ಎರಡನೆಯ ಪ್ರಶ್ನೆ ಚಿಕ್ಕದು. ‘ಮಾನಿಟರಿಂಗ್’ಗೆ ‘ಕಣ್ಗಾವಲು’ ಅಂದರೆ ಪೊಲೀಸರ ವಾಸನೆ, ‘ಮೇಲ್ವಿಚಾರಣೆ’ ಅಂದರೆ ಹಾಸ್ಟೆಲ್ ವಾರ್ಡನ್ನು. ನಾನು ‘ನಿಗಾ’ ಇಟ್ಟುಕೊಂಡಿದ್ದೇನೆ. ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದ ಅದಕ್ಕೆ ಆರೈಕೆಯ ಬಣ್ಣ ಬಂದಿದೆ. ನುನಾವಿಕ್‌ನಲ್ಲಿ ನಡೆಯುವುದೂ ಅಂಥದ್ದೇ. ತಲೆಯ ಹಿಂಭಾಗದಲ್ಲಿ ಬುಡದಿಂದ ಒಂದು ಸಣ್ಣ ಕುಚ್ಚು ಕೂದಲು ಕತ್ತರಿಸುತ್ತಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದಲ್ಲ, ಅದನ್ನು ತುಂಡು ಮಾಡಿ ನೋಡಿದರೆ ಯಾವ ತಿಂಗಳು ಎಷ್ಟು ಪಾದರಸ ಮೈ ಸೇರಿತು ಎಂದು ತಿಳಿಯುತ್ತದೆ. 2004ರಲ್ಲಿ ಅಮುಂಡ್ಸೆನ್ ಅನ್ನುವ ಹಡಗು ಹಳ್ಳಿಯಿಂದ ಹಳ್ಳಿಗೆ ಹೋಗಿ ಜನರ ರಕ್ತ ಪರೀಕ್ಷೆ ಮಾಡಿತು. ಆ ಸಮೀಕ್ಷೆಗೆ ಅವರ ಭಾಷೆಯಲ್ಲಿ ಇಟ್ಟ ಹೆಸರು ‘ಕಾನುಯಿಪ್ಪಿತಾ’, ಅಂದರೆ ‘ನಾವು ಹೇಗಿದ್ದೇವೆ?’. ನಮ್ಮಲ್ಲಾದರೆ ‘ಸಮಗ್ರ ಜೈವಿಕ ಮೇಲ್ವಿಚಾರಣಾ ಯೋಜನೆ’ ಆಗುತ್ತಿತ್ತು, ಅಲ್ವಾ?

ದಕ್ಷಿಣ ಕನ್ನಡದವರಿಗೆ ಒಂದು ವಿಶೇಷ ವಿನಂತಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಗೊತ್ತಲ್ಲ. ಅದೇ ರಾಸಾಯನಿಕ ಉತ್ತರ ಧ್ರುವದ ಗಾಳಿಯಲ್ಲೂ ಸಿಕ್ಕಿತು. 2011ರಲ್ಲಿ ಅದನ್ನು ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸುವಾಗ ಆ ದೂರದ ಪಯಣವೂ ಲೆಕ್ಕಕ್ಕೆ ಬಂತು. ಕೀಟನಾಶಕಕ್ಕೆ ನಮ್ಮ ರೈತರು ‘ಔಷಧಿ’, ‘ಮದ್ದು’ ಅನ್ನುತ್ತಾರೆ. ಸಿಂಪಡಿಸಿದ ಮೇಲೆ ಬಾವಿಯಲ್ಲಿ, ಹಾಲಿನಲ್ಲಿ ಉಳಿದದ್ದನ್ನು ನಿಮ್ಮ ಕಡೆ ಹಿರಿಯರು ಏನೆಂದು ಕರೆಯುತ್ತಿದ್ದರು? ಆಗಲೂ ಮದ್ದೇ? ಅಥವಾ ಹೆಸರು ಬದಲಾಗುತ್ತಿತ್ತೇ? ತುಳು, ಅರೆಭಾಷೆ, ಹವ್ಯಕದ್ದಾದರೂ ಪರವಾಗಿಲ್ಲ, ಬರೆದು ಕಳಿಸಿ. ಲೇಖನ ಕೊಡಲು ಇನ್ನೂ ಸಮಯವಿದೆ.