ಜೆಟ್ ಸ್ಕೀ ಸ್ಟಾರ್ಟ್ ಆಗುತ್ತಿಲ್ಲ: ಬ್ಯಾಟರಿ ತುಂಬಿದೆ, ಗುಂಡಿ ಒತ್ತಿದರೆ ‘ಟಕ್’ ಸದ್ದು ಮಾತ್ರ

ಪ್ರಶ್ನೆ (ತುಮಕೂರು)

ಮಲ್ಪೆಯ ಸಮುದ್ರದಲ್ಲಿ ಎರಡು ಹಂಗಾಮು ಓಡಿದ್ದ ನಾಲ್ಕು ಸ್ಟ್ರೋಕಿನ ಜೆಟ್ ಸ್ಕೀಯೊಂದನ್ನು ನಾನು ಮತ್ತು ನನ್ನ ಭಾವಮೈದುನ ಸೇರಿ ಕೊಂಡೆವು. ಮಳೆಗಾಲಕ್ಕೆ ಮುಂಚೆ ಅದನ್ನು ಟ್ರೈಲರ್ ಮೇಲೆ ಇಲ್ಲಿಗೆ ತಂದು, ಅಂತರಸನಹಳ್ಳಿಯ ಹತ್ತಿರದ ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿಲ್ಲಿಸಿದ್ದೆವು. ಈಗ ಸ್ಟಾರ್ಟ್ ಗುಂಡಿ ಒತ್ತಿದರೆ ಒಳಗೆ ಒಮ್ಮೆ ‘ಟಕ್’ ಎನ್ನುತ್ತದೆ, ಮೋಟಾರ್ ತಿರುಗುವುದಿಲ್ಲ. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿದ್ದೇನೆ, ಮೀಟರ್ 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ಮೋಟಾರ್ ಸುಟ್ಟಿರಬೇಕೆಂದು ಎಲ್ಲರೂ ಹೇಳುತ್ತಿದ್ದಾರೆ. ಹೊಸದಕ್ಕೆ ಹಣ ಕೊಡುವ ಮೊದಲು ನೋಡಬೇಕಾದದ್ದು ಏನಾದರೂ ಇದೆಯೇ?

ಉತ್ತರ (ಗೌರಿಬಿದನೂರು)

ರಿಲೇಯ (ಗುಂಡಿ ಒತ್ತಿದಾಗ ಬ್ಯಾಟರಿಯ ವಿದ್ಯುತ್ತನ್ನು ಸ್ಟಾರ್ಟರ್ ಮೋಟಾರಿಗೆ ಹರಿಸುವ ಸ್ವಿಚ್ಚು) ಎರಡು ದಪ್ಪ ಬೋಲ್ಟುಗಳನ್ನು ಸ್ಕ್ರೂಡ್ರೈವರಿನಿಂದ ಸೇರಿಸಿ ನೋಡಿ. ಮೋಟಾರ್ ತಿರುಗಿದರೆ ರಿಲೇ ಹೋಗಿದೆ, ತಿರುಗದಿದ್ದರೆ ಮೋಟಾರ್ ಹೋಗಿದೆ. ಟ್ರ್ಯಾಕ್ಟರಿನಲ್ಲಿ ನಾವು ಮಾಡುವುದು ಇದನ್ನೇ.

ಉತ್ತರ (ಕುಣಿಗಲ್)

ದಯವಿಟ್ಟು ಹಾಗೆ ಮಾಡಬೇಡಿ. ಟ್ರ್ಯಾಕ್ಟರಿನ ಎಂಜಿನ್ ಬಯಲಿನಲ್ಲಿರುತ್ತದೆ, ಅದರ ಇಂಧನ ಡೀಸೆಲ್. ಜೆಟ್ ಸ್ಕೀಯ ಎಂಜಿನ್ ಮುಚ್ಚಿದ ತೊಟ್ಟಿಯಂಥ ಒಡಲಿನಲ್ಲಿದೆ. ಗಾಳಿಗಿಂತ ಭಾರವಾದ ಪೆಟ್ರೋಲ್ ಆವಿ ಅದರ ತಳದಲ್ಲಿ ನಿಂತುಬಿಡುತ್ತದೆ, ಅಲ್ಲಿ ಒಂದು ಕಿಡಿ ಸಾಕು. ಸೀಟು ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಪೆಟ್ರೋಲ್ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿ.

‘ಟಕ್’ ಸದ್ದು ಬರುತ್ತಿದೆ ಎಂದಮೇಲೆ ಗುಂಡಿ, ಮಣಿಕಟ್ಟಿಗೆ ಕಟ್ಟುವ ಸುರಕ್ಷತಾ ದಾರದ ಸ್ವಿಚ್ಚು, ಸಣ್ಣ ಫ್ಯೂಸುಗಳು ಇವೆಲ್ಲ ರಿಲೇಯವರೆಗೆ ಆಜ್ಞೆ ತಲುಪಿಸುತ್ತಿವೆ. ಸದ್ದೇ ಇಲ್ಲದಿದ್ದರೆ ಅವನ್ನು ಮೊದಲು ಪರೀಕ್ಷಿಸಲು ಹೇಳುತ್ತಿದ್ದೆ. ನಿಮ್ಮಲ್ಲಿ ಉಳಿದಿರುವ ಶಂಕಿತರು ನಾಲ್ಕು: ರಿಲೇಯ ಒಳಗಿನ ಸಂಪರ್ಕ ಬಿಂದುಗಳು, ದಪ್ಪ ಕೇಬಲ್‌ಗಳು, ಮೋಟಾರ್, ಮತ್ತು ಜನ ಮರೆಯುವ ನಾಲ್ಕನೆಯದು, ತಿರುಗಲಾರದಂತೆ ಹಿಡಿದುಕೊಂಡ ಎಂಜಿನ್. ಸಿಲಿಂಡರಿಗೆ ನೀರು ನುಗ್ಗಿದ್ದರೂ ಇದೇ ಸದ್ದು ಬರುತ್ತದೆ. ಬ್ಯಾಟರಿಯ ತಂತಿ ಬಿಚ್ಚಿಟ್ಟು, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಹಿಂಬದಿಯ ಇಂಪೆಲ್ಲರನ್ನು (ನೀರನ್ನು ಹಿಂದಕ್ಕೆ ತಳ್ಳುವ ಚಕ್ರ) ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿ, ಪ್ಲಗ್ ರಂಧ್ರಗಳಿಂದ ನೀರು ಬಾರದಿದ್ದರೆ ಎಂಜಿನ್ನಿನ ಮೇಲಿನ ಅನುಮಾನ ಬಿಡಬಹುದು.

ಇನ್ನು 12.6 ವೋಲ್ಟಿನ ವಿಚಾರ. ಅದು ಬ್ಯಾಟರಿ ಸುಮ್ಮನಿರುವಾಗಿನ ಅಳತೆ. ಹಗುರವಾದ ಮೀಟರಿಗೆ ವೋಲ್ಟ್ ತೋರಿಸಲು ಕೂದಲೆಳೆಯಷ್ಟು ಸಂಪರ್ಕವಿದ್ದರೂ ಸಾಕು, ಸ್ಟಾರ್ಟರಿಗಾದರೋ ನೂರಾರು ಆಂಪಿಯರ್ ಹರಿಯಬೇಕು. ಆದ್ದರಿಂದ ಅಳತೆಯನ್ನು ಗುಂಡಿ ಒತ್ತಿ ಹಿಡಿದಿರುವಾಗಲೇ ತೆಗೆದುಕೊಳ್ಳಬೇಕು; ಒಬ್ಬರು ಎರಡು ಮೂರು ಸೆಕೆಂಡು ಒತ್ತಲಿ, ಇನ್ನೊಬ್ಬರು ಮೀಟರ್ ನೋಡಲಿ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ: ಹತ್ತು ವೋಲ್ಟಿಗಿಂತ ತೀರಾ ಕೆಳಗಿಳಿದರೆ ಬ್ಯಾಟರಿಯೇ ದುರ್ಬಲ. ಬಳಿಕ ಧನ ಕಂಬದಿಂದ ಮೋಟಾರಿನ ಬೋಲ್ಟಿಗೆ, ಕೊನೆಗೆ ಋಣ ಕಂಬದಿಂದ ಎಂಜಿನ್ನಿನ ಬರಿಯ ಲೋಹಕ್ಕೆ ಅಳೆಯಿರಿ. ಮೀಟರಿನ ಮೊನೆಯನ್ನು ಕೇಬಲ್ ತುದಿಯ ಟರ್ಮಿನಲ್ಲಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ ಊರಬೇಕು. ಈ ಕೊನೆಯ ಎರಡು ಅಳತೆಗಳಲ್ಲಿ ಯಾವುದಾದರೂ ಅರ್ಧ ವೋಲ್ಟನ್ನು ಮೀರಿದರೆ ಆ ದಾರಿಯಲ್ಲಿ ಅಡ್ಡಿಯಿದೆ ಎಂದರ್ಥ.

ಮತ್ತೊಂದು ಮಾತು: ಬ್ಯಾಟರಿ ನೀರು ತುಂಬುವ ಬಗೆಯದಾದರೆ ನಮ್ಮ ಕಡೆಯ ಬೋರ್‌ವೆಲ್ ನೀರನ್ನು ಹಾಕಬೇಡಿ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಬ್ಯಾಟರಿಯೊಳಗೆ ಒಳ್ಳೆಯದನ್ನೇನೂ ಮಾಡುವುದಿಲ್ಲ.

ಪ್ರಶ್ನಿಸಿದವರು (ತುಮಕೂರು)

ಹೇಳಿದಂತೆಯೇ ಮಾಡಿದೆವು. ಇಂಪೆಲ್ಲರ್ ಕೈಯಿಂದ ಸಲೀಸಾಗಿ ತಿರುಗುತ್ತದೆ, ನೀರು ಬರಲಿಲ್ಲ. ಗುಂಡಿ ಒತ್ತಿದಾಗ ಬ್ಯಾಟರಿಯಲ್ಲಿ 12.1, ಧನ ಕಂಬದಿಂದ ಮೋಟಾರಿಗೆ 0.3, ಋಣ ಕಂಬದಿಂದ ಎಂಜಿನ್ನಿಗೆ 4.6 ವೋಲ್ಟ್ ಬಂತು. ಆದರೆ ಋಣ ಕಂಬವನ್ನು ಎಂಜಿನ್ನಿಗೆ ಸೇರಿಸುವ ಅರ್ತ್ ಕೇಬಲ್‌ನ ಎರಡೂ ತುದಿಗಳ ಬೋಲ್ಟುಗಳು ಬಿಗಿಯಾಗಿವೆ, ಮೇಲ್ನೋಟಕ್ಕೆ ಶುಭ್ರವಾಗಿಯೂ ಇವೆ.

ಉತ್ತರ (ಕುಣಿಗಲ್)

ಕಳ್ಳ ಸಿಕ್ಕಿದ. ರಿಲೇ ಸರಿಯಿದೆ, ಏಕೆಂದರೆ ಅದು ಧನ ದಾರಿಯಲ್ಲಿದ್ದು ಅಲ್ಲಿ ನಷ್ಟವಾಗುತ್ತಿರುವುದು 0.3 ಮಾತ್ರ. ಮೋಟಾರಿಗೆ ಸಿಗುತ್ತಿರುವುದು ಸುಮಾರು ಏಳು ವೋಲ್ಟ್, ಉಳಿದದ್ದು ಹಿಂದಿರುಗುವ ದಾರಿಯಲ್ಲೇ ಬಿಸಿಯಾಗಿ ಕರಗುತ್ತಿದೆ. ಬೋಲ್ಟ್ ಬಿಗಿಯಾಗಿದ್ದರೆ ಸಾಲದು. ಎಂಜಿನ್ ಕಡೆಯ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಬಳಿ ರಬ್ಬರ್ ಹೊದಿಕೆಯನ್ನು ಒಂದು ಇಂಚು ಸೀಳಿ ನೋಡಿ. ಉಪ್ಪು ನೀರು ಲಗ್ಗಿನ ಬಾಯಿಂದ ಎಳೆಗಳ ನಡುವೆ ಏರುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಪ್ರಶ್ನಿಸಿದವರು (ತುಮಕೂರು)

ಸೀಳಿದಾಗ ಒಳಗೆ ತಾಮ್ರವಿರಲಿಲ್ಲ, ಹಸಿರು ಕಿಲುಬಿನ ಪುಡಿಯಿತ್ತು. ಬೆರಳಲ್ಲಿ ತಿಕ್ಕಿದರೆ ಎಳೆಗಳು ಮುರಿದು ಉದುರಿದವು. ಟ್ರ್ಯಾಕ್ಟರುಗಳ ವಿದ್ಯುತ್ ಕೆಲಸ ಮಾಡುವ ಅಂಗಡಿಯಲ್ಲಿ ಅಷ್ಟೇ ದಪ್ಪದ ಹೊಸ ಕೇಬಲ್‌ಗೆ ಲಗ್ ಒತ್ತಿಸಿಕೊಂಡು ಬಂದು ಹಾಕಿದೆ. ಈಗ ಋಣ ದಾರಿಯ ನಷ್ಟ 0.2 ವೋಲ್ಟ್. ಎಂಜಿನ್ನಿಗೆ ನೀರು ಹಾಯಿಸಿ ತೊಳೆಯುವ ಪೈಪನ್ನು ಜೋಡಿಸಿ ಗುಂಡಿ ಒತ್ತಿದಾಗ ಎಂಜಿನ್ ಎರಡನೆಯ ಯತ್ನಕ್ಕೇ ಹಿಡಿಯಿತು. ಮೊದಲು ಎಂಜಿನ್, ಆಮೇಲೆ ನೀರು ಎಂದು ಕೈಪಿಡಿಯಲ್ಲಿದೆ. ನಿಲ್ಲಿಸುವಾಗ ಮೊದಲು ನೀರನ್ನೇ ನಿಲ್ಲಿಸಬೇಕು ಎನ್ನುತ್ತಾರೆ, ಹೌದೇ?

ಉತ್ತರ (ಕುಣಿಗಲ್)

ಹೌದು. ಎಂಜಿನ್ ನಿಂತಿರುವಾಗ ನೀರು ಹರಿದರೆ ಅದು ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ಹಿಮ್ಮರಳಬಹುದು. ಕೇಬಲ್ ಬೇಗ ಕಿಲುಬು ಹಿಡಿಯದ, ತವರ ಲೇಪಿಸಿದ ತಾಮ್ರದ್ದೇ?

ಪ್ರಶ್ನಿಸಿದವರು (ತುಮಕೂರು)

ಇಲ್ಲಿ ಸಿಗಲಿಲ್ಲ, ಸಾಮಾನ್ಯ ತಾಮ್ರದ್ದೇ. ಲಗ್ಗಿನ ಬಾಯಿಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆ ಹಾಕಿಸಿದ್ದೇನೆ.

ಉತ್ತರ (ಕುಣಿಗಲ್)

ಹಾಗಾದರೆ ಅದು ತಾತ್ಕಾಲಿಕವೆಂದೇ ತಿಳಿಯಿರಿ. 0.2 ಎಂಬ ಅಳತೆಯನ್ನು ದಿನಾಂಕದೊಂದಿಗೆ ಸೀಟಿನ ಕೆಳಗೆ ಬರೆದಿಟ್ಟು, ಮಲ್ಪೆಯಿಂದ ಮರಳಿದ ಪ್ರತಿ ಸಲವೂ ಮತ್ತೆ ಅಳೆಯಿರಿ. ಧನ ಕೇಬಲ್ ಕೂಡ ಅದೇ ನೀರನ್ನು ಕುಡಿದಿದೆ, ಅದನ್ನೂ ಈ ಹಂಗಾಮಿಗೇ ಬದಲಿಸಿಬಿಡಿ.